ಆತೆ ಎಂಬ ಅತ್ತೆ

ಐದೂವರೆಗೆ ಎದ್ದೆ. ಹಾಲು ಕಾಯಿಸಲಿಟ್ಟು ಉಕ್ಕಿಸಿದೆ, ಒಲೆ ಒರೆಸಿದೆ. ಮಗುವಿನ ಬಟ್ಟೆ ಒಗೆದು ಬಾಲ್ಕನಿಯಲ್ಲಿ ಹರವಿದೆ. ಕೊನೆಯದನ್ನು ಹರವುವಷ್ಟರಲ್ಲಿ ಮೊದಲನೆಯದು ಒಣಗಿತ್ತು. ಮರಳುಗಾಡಿನ ಈ ಬನಿಯಾಸ್ ಬಡಾವಣೆಯ ಬಿಸಿಲಿಗೆ ಅಷ್ಟು ಮಾತ್ರ ಉಪಕಾರಬುದ್ಧಿ ಇದೆ. ಸೊಸೆ ಶ್ರೇಯಾಳಿಗೆ ಎಣ್ಣೆ ತಿಕ್ಕಿ ನೀರು ಹಾಕಿದೆ. ಅವಳ ಕೂದಲಿಗೆ ಸಾಂಬ್ರಾಣಿ ಹೊಗೆ ಹಿಡಿದಾಗ ಚಾವಣಿಯ ಅಲಾರಂ ಕಿರುಚಿಕೊಂಡಿತು. ಮಗ ಕುರ್ಚಿ ಹತ್ತಿ ಅದರ ಬಾಯಿ ಮುಚ್ಚಿಸಿ ಆಫೀಸಿಗೆ ಹೋದ. ಮಗುವನ್ನು ಕಾಲ ಮೇಲೆ ಹಾಕಿಕೊಂಡು ಮೀಯಿಸಿದೆ. ಮೆಣಸಿನ ಸಾರಿಗೆ ಪುಡಿ ಹುರಿದೆ. ಪಾತ್ರೆ ತೊಳೆದೆ. ನಮ್ಮ ಮನೆಯವರಿಗೆ ಅವರ ಕಣ್ಣೆದುರಿಗೇ ಇದ್ದ ಕನ್ನಡಕವನ್ನು ಹುಡುಕಿಕೊಟ್ಟೆ. ಕೊನೆಗೆ ಊಟದ ಮೇಜಿನ ಮೇಲೆ ಪೇಪರು ಹಾಸಿ ಸೊಪ್ಪು ಬಿಡಿಸಲು ಕುಳಿತೆ.

ನೀರು ಕುಡಿಯಲು ಬಂದ ಶ್ರೇಯಾ, "ಯಾವ ಸೊಪ್ಪು ಅತ್ತೆ?" ಎಂದು ಕೇಳಿದಳು.

"ಮಲುಂಗಾಯ್" ಎಂದೆ.

"ಏನು?"

ನಾನೇ ತಬ್ಬಿಬ್ಬಾದೆ. ಹುಟ್ಟಿನಿಂದ ಬಲ್ಲ ನುಗ್ಗೆ ಸೊಪ್ಪು. ಅದರ ಹೆಸರು ನಾಲಿಗೆಗೆ ಬರಲೊಲ್ಲದು, ಫಿಲಿಪ್ಪೀನಿನ ಹೆಸರು ಬಂದು ಕೂತಿದೆ. "ನುಗ್ಗೆ ಸೊಪ್ಪು ಕಣೆ" ಎಂದು ತಿದ್ದಿಕೊಂಡೆ. ಬೇರೆ ದಿನವಾಗಿದ್ದರೆ ಅವಳು ನಕ್ಕು ಇನ್ನೂ ನಾಲ್ಕು ಪ್ರಶ್ನೆ ಕೇಳುತ್ತಿದ್ದಳು. ಇವತ್ತು ತಲೆಯಾಡಿಸಿ, ಲೋಟ ಇಟ್ಟು, ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಹೆರಿಗೆಯಾಗಿ ಹದಿನೈದು ದಿನ. ಮೂರು ದಿನದಿಂದ ಹೀಗೇ, ಮಾತು ಕಡಿಮೆ. ಕೇಳಿದರೆ "ಐ ಆಮ್ ಫೈನ್, ಅತ್ತೆ." ಅವಳ ತಾಯಿ ಬರುವುದಕ್ಕೆ ಇನ್ನೂ ಒಂದು ವಾರವಿದೆ. ಅಲ್ಲಿಯವರೆಗೆ ಬಾಣಂತನ ನನ್ನದು; ಅದರಲ್ಲಿ ಕೊರತೆಯಾಗಬಾರದೆಂದು ನಾನು ಮೇಲಿನ ಪಟ್ಟಿಯನ್ನು ದಿನಾ ಉದ್ದ ಮಾಡುತ್ತಾ ಹೋಗಿದ್ದೇನೆ.

ಸೊಪ್ಪು ಬಿಡಿಸುವುದು ವಿಚಿತ್ರ ಕೆಲಸ. ಕೈಗೆ ಕೆಲಸವಿರುತ್ತದೆ, ತಲೆಗೆ ಇರುವುದಿಲ್ಲ. ಬೆರಳಿಗೆ ಹತ್ತಿದ ಆ ಹಸಿರು ಒಗರು ವಾಸನೆಯನ್ನು ಹಿಡಿದುಕೊಂಡು ನನ್ನ ತಲೆ ಬನಿಯಾಸಿನಿಂದ ಹೊರಟು ದುಬೈಯ ಕರಾಮಕ್ಕೆ ಹೋಯಿತು. ಹೇಗೂ ಹೋಗಿದೆಯಲ್ಲ, ನೀವೂ ಬನ್ನಿ.

ಮದುವೆಯಾಗಿ ಮೈಸೂರಿನಿಂದ ದುಬೈಗೆ ಬಂದಾಗ ನನಗೆ ಇಪ್ಪತ್ತಮೂರು. ತೊಂಬತ್ತರ ದಶಕದ ನಡುಭಾಗ. ನಮ್ಮ ಮನೆಯವರು ಒಂದು ಕಟ್ಟಡ ಕಂಪನಿಯಲ್ಲಿ ನಕ್ಷೆ ಬರೆಯುತ್ತಿದ್ದರು. "ಕರಾಮದಲ್ಲಿ ಫ್ಲ್ಯಾಟು" ಎಂದು ಕಾಗದದಲ್ಲಿ ಬರೆದಿದ್ದರು. ಬಂದು ನೋಡಿದರೆ ಫ್ಲ್ಯಾಟಿನಲ್ಲಿ ಒಂದು ಕೋಣೆ ನಮ್ಮದು. ಉಳಿದದ್ದು ಮೂವರು ಫಿಲಿಪ್ಪೀನಿ ಹೆಂಗಸರದು. ಅಡುಗೆಮನೆ ಎಲ್ಲರದು. ನಕ್ಷೆ ಬರೆಯುವವರು ಈ ವಿಷಯವನ್ನು ಮಾತ್ರ ನಕ್ಷೆಯಿಂದ ಬಿಟ್ಟಿದ್ದರು. "ಶೇರಿಂಗ್ ಅಂತ ಬರ್ದಿದ್ರೆ ನೀನು ಬರ್ತಿದ್ಯಾ?" ಎಂದರು. ಬರುತ್ತಿದ್ದೆನೋ ಇಲ್ಲವೋ, ಇವತ್ತಿಗೂ ಹೇಳಿಲ್ಲ.

ನಾವು ಮೊಟ್ಟೆಯನ್ನೂ ಮುಟ್ಟದವರು. ಅವರು ಬೆಳಿಗ್ಗೆ ಒಣಮೀನು ಹುರಿಯುತ್ತಿದ್ದರು. ಮೊದಲ ವಾರ ನಾನು ಸೆರಗನ್ನು ಮೂಗಿಗೆ ಒತ್ತಿಕೊಂಡೇ ಕಾಫಿ ಸೋಸಿದೆ. ಎಂಟನೆಯ ದಿನ ತಿಳಿಸಾರಿಗೆ ಇಂಗಿನ ಒಗ್ಗರಣೆ ಹಾಕಿದಾಗ ಆ ಮೂವರೂ ಅಡುಗೆಮನೆಯಿಂದ ಹೊರಗೆ ಓಡಿದರು. ಒಬ್ಬಳು ಗ್ಯಾಸು ಸೋರುತ್ತಿದೆಯೆಂದು ಕಿಟಕಿ ತೆರೆದಳು. ಅವತ್ತಿನಿಂದ ನಮ್ಮ ನಡುವೆ ಸಮಾನತೆ ಸ್ಥಾಪನೆಯಾಯಿತು. ಆ ಮೂವರಲ್ಲಿ ಹಿರಿಯವಳೇ ಮಾರನೆಯ ದಿನ ನಾಲ್ಕು ಉರಿಗಳ ಒಲೆಯನ್ನು ಒರೆಸಿ, ಕಿಟಕಿಯ ಕಡೆಯ ಉರಿಯ ಮೇಲೆ ನನ್ನ ಪಾತ್ರೆಯನ್ನಿಟ್ಟು, "ದಿಸ್ ಯುವರ್ಸ್. ನೋ ಫಿಶ್ ಹಿಯರ್. ಎವರ್" ಎಂದಳು. ಯಾರೂ ಕೇಳಿರಲಿಲ್ಲ, ನಾನು ಹೇಳಿರಲೂ ಇಲ್ಲ. ಆ ಉರಿಯ ಮೇಲೆ ಕೊನೆಯವರೆಗೂ ಮೀನು ಏರಲಿಲ್ಲ.

ಅವಳ ಹೆಸರು ನೆನಿತಾ. ಆದರೆ ಆ ಹೆಸರಿನಿಂದ ಯಾರೂ ಕರೆಯುತ್ತಿರಲಿಲ್ಲ. ಬೆಳಗಾದರೆ ಉಳಿದಿಬ್ಬರೂ "ಆತೆ! ಆತೆ!" ಎಂದು ಕೂಗುವರು. ಬಚ್ಚಲಿನಿಂದ, ಮೆಟ್ಟಿಲಿನಿಂದ, ಕೆಳಗೆ ಅಂಗಡಿ ಸಾಲಿನಿಂದ, ಎಲ್ಲ ಕಡೆಯಿಂದಲೂ "ಆತೆ!" ನಾನು ಕಿವಿಗೊಟ್ಟು ಕೇಳಿ, ಇದು ಅತ್ತೆಯೇ ಎಂದು ತೀರ್ಮಾನಿಸಿದೆ. ದೂರದ ದೇಶ, ಅಕ್ಷರ ಸ್ವಲ್ಪ ಸವೆದಿರಬಹುದು; ಅಕ್ಕಿ ಹಿಟ್ಟನ್ನು ಹಬೆಯಲ್ಲಿ ಬೇಯಿಸಿ ಸಕ್ಕರೆ ತಿಂದ ಇಡ್ಲಿಯಂಥದನ್ನು ಮಾಡುವವರು, ಮುಖಕ್ಕೆ 'ಮುಖಾ' ಎನ್ನುವವರು, ಅತ್ತೆಗೆ ಆತೆ ಅನ್ನುವುದರಲ್ಲಿ ಆಶ್ಚರ್ಯವೇನು? ಮನೆಗೆ ಹಿರಿಯಳು, ಎಲ್ಲರನ್ನೂ ಗದರುವವಳು, ಎಲ್ಲರ ಊಟವಾದ ಮೇಲೆ ಉಣ್ಣುವವಳು. ಅತ್ತೆಯಲ್ಲದೆ ಮತ್ತೇನು? ನಾನೂ "ಅತ್ತೆ" ಎಂದೇ ಕರೆದೆ. ಅವಳು "ಓ!" ಎಂದು ತಿರುಗಿ ನಕ್ಕಳು.

ಗೌರಿ ಹಬ್ಬದ ದಿನ ಅರಿಶಿನ ಕುಂಕುಮ ಕೊಟ್ಟು ಅವಳ ಕಾಲಿಗೆ ಬಿದ್ದೆ. ನಾನು ಜಾರಿ ಬಿದ್ದೆನೆಂದುಕೊಂಡು ಅವಳು ಚೀರಿ, ನನ್ನ ರಟ್ಟೆ ಹಿಡಿದೆತ್ತಿ, ಮೊಣಕಾಲಿಗೆ ಮುಲಾಮು ಹಚ್ಚಲು ಹೊರಟಳು.

ಮೈಸೂರಿನಲ್ಲಿ ನನಗೆ ನಿಜವಾದ ಅತ್ತೆ ಇದ್ದರು. ನನ್ನ ತಾಯಿ ನಾನು ಶಾಲೆಯಲ್ಲಿದ್ದಾಗಲೇ ತೀರಿಕೊಂಡಿದ್ದರಿಂದ ನನ್ನ ಕಾಗದಗಳೆಲ್ಲ ಅವರಿಗೇ ಹೋಗುತ್ತಿದ್ದವು. "ಇಲ್ಲಿ ಅತ್ತೆ ಚೆನ್ನಾಗಿ ನೋಡಿಕೊಳ್ಳುತ್ತಾರೆ, ನೀವು ಯೋಚನೆ ಮಾಡಬೇಡಿ" ಎಂದು ಭಕ್ತಿಯಿಂದ ಬರೆದೆ. ಮುಂದಿನ ಶುಕ್ರವಾರದ ಫೋನಿನಲ್ಲಿ ಅವರು ಮಗನನ್ನು ಕೇಳಿದ ಮೊದಲ ಪ್ರಶ್ನೆ: "ನಾನಿನ್ನೂ ಬದುಕಿದ್ದೀನಿ. ಅಲ್ಲಿ ಅವ್ಳ್ಯಾರೋ ನಿನ್ನ ಹೆಂಡ್ತಿಗೆ ಅತ್ತೆ?"

ಆಗ ವಿಚಾರಣೆ ನಡೆಯಿತು. ಆತೆ ಎಂದರೆ ಅಕ್ಕ ಎಂದು ಗೊತ್ತಾಯಿತು. ನಮ್ಮ ಮನೆಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನೆನಿತಾಳಿಗೆ ಕನ್ನಡದ ಅರ್ಥ ಹೇಳಿದಾಗ ಅವಳು ಎದೆಯ ಮೇಲೆ ಕೈಯಿಟ್ಟುಕೊಂಡಳು. "ಮದರ್ ಆಫ್ ಹಸ್ಬೆಂಡ್? ಮಿ? ಆಯ್! ಐ ಆಮ್ ಓನ್ಲಿ ಥರ್ಟಿ ನೈನ್!" ಆಮೇಲೆ ನಮ್ಮ ಮನೆಯವರ ಕಡೆ ತಿರುಗಿ, "ಯು! ಮೈ ಸನ್! ಗೋ ಥ್ರೋ ಗಾರ್ಬೇಜ್!" ಎಂದಳು. ಅವರು ಎದ್ದು ಹೋಗಿ ಕಸ ಹಾಕಿ ಬಂದರು. ಅಲ್ಲಿಂದ ಮುಂದೆ ಅದೊಂದು ಪದ್ಧತಿಯೇ ಆಯಿತು. ಅವಳು ತಕಾರಕ್ಕೆ ಒತ್ತು ಕೊಡುವುದನ್ನು ಕಲಿತಳು. ಪ್ರೀತಿಯಿದ್ದಾಗ "ಯುವರ್ ಆತೆ ಈಸ್ ಹಿಯರ್", ಗದರಬೇಕಾದಾಗ "ನೌ ಐ ಆಮ್ ಅತ್ತೆ!" ಕನ್ನಡದ ಒತ್ತಕ್ಷರದ ಬಲವನ್ನು ಅಷ್ಟು ಬೇಗ ಅರಿತವರನ್ನು ನಾನು ಬೇರೆ ಕಂಡಿಲ್ಲ.

ನಾನು ಬಸುರಿಯಾದೆ. ಜೂನಿಗೆ ದಿನ. ಮೈಸೂರಿನ ಅತ್ತೆ ಬಂದು ಬಾಣಂತನ ಮಾಡುವುದೆಂದು ನಿಶ್ಚಯವಾಗಿ, ವೀಸಾ ಕೂಡ ಬಂದಿತು. ಅಂಟಿನುಂಡೆ, ಮೆಣಸಿನ ಪುಡಿ, ಹಳೆಯ ಮೆತ್ತನೆಯ ಸೀರೆ, ಎಲ್ಲವನ್ನೂ ಅವರು ಗಂಟು ಕಟ್ಟಿದರು. ಹೊರಡಲು ಹತ್ತು ದಿನವಿರುವಾಗ ಬಚ್ಚಲಿನಲ್ಲಿ ಜಾರಿ ತೊಡೆಯ ಮೂಳೆ ಮುರಿದುಕೊಂಡರು. ನನಗೆ ಆಗಲೇ ಒಂಬತ್ತು ತಿಂಗಳು, ವಿಮಾನ ಹತ್ತಿಸುತ್ತಿರಲಿಲ್ಲ. ಫೋನು ಕೆಳಗಿಟ್ಟು ನಮ್ಮ ಮನೆಯವರು ಗೋಡೆ ನೋಡಿದರು. ನಾನು ನನ್ನ ಹೊಟ್ಟೆ ನೋಡಿಕೊಂಡೆ. ತಾಯಿಯಿಲ್ಲದವಳಿಗೆ ಇದ್ದ ಒಂದು ಆಸರೆಯೂ ಹಾಸಿಗೆ ಹಿಡಿದಿತ್ತು. ಹೆರಿಗೆಯ ಭಯ ನನಗಿರಲಿಲ್ಲ, ಅದಕ್ಕೆ ಆಸ್ಪತ್ರೆಯಿದೆ. ಆಮೇಲಿನ ನಲವತ್ತು ದಿನದ ಭಯ. ಹಸಿ ಮೈ, ಹಸುಗೂಸು, ಬೆಳಿಗ್ಗೆ ಆರಕ್ಕೆ ಸೈಟಿಗೆ ಹೋಗಿ ಸಂಜೆ ಏಳಕ್ಕೆ ಬರುವ ಗಂಡ. ಯಾರು ನೋಡಿಕೊಳ್ಳುತ್ತಾರೆ?

ಅಡುಗೆಮನೆಯಲ್ಲಿ ನನ್ನ ಉರಿಯ ಮುಂದೆ ನಿಂತು ಅಳುತ್ತಿದ್ದೆ. ಆತೆ ಅಕ್ಕಿ ತೊಳೆಯುತ್ತಿದ್ದಳು. ವಿಷಯ ಕೇಳಿ, ನೀರು ಬಸಿದು, "ಹೌ ಮೆನಿ ಡೇಸ್?" ಎಂದಳು.

"ಫಾರ್ಟಿ."

"ಸೇಮ್ ಅಸ್" ಎಂದಳು. "ಓಕೆ. ಐ ವಿಲ್ ಡೂ. ಖಲಾಸ್ ಕ್ರೈಯಿಂಗ್."

ಅವಳು ನೈಫ್ ಎಂಬ ಪೇಟೆಯಲ್ಲಿ ಹೆಂಗಸರ ಹೊಲಿಗೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದವಳು. ಬೆಳಿಗ್ಗೆ ಒಂಬತ್ತರಿಂದ ಒಂದು, ಮತ್ತೆ ನಾಲ್ಕರಿಂದ ರಾತ್ರಿಯವರೆಗೆ. ನಡುವಿನ ಮೂರು ಗಂಟೆ ಆ ಕಾಲದಲ್ಲಿ ಇಡೀ ಊರೇ ಶಟರು ಎಳೆದು ಮಲಗುತ್ತಿತ್ತು. ಅವಳೂ ಅಂಗಡಿಯಲ್ಲೇ ಬಟ್ಟೆಯ ಥಾನುಗಳ ಮೇಲೆ ಮಲಗುತ್ತಿದ್ದಳು. ಹೇಗೆ ನೋಡಿಕೊಳ್ಳುತ್ತಾಳೆ ಎಂದು ನಾನು ಕೇಳಲಿಲ್ಲ. ಮುಳುಗುತ್ತಿರುವವಳು ಹಗ್ಗ ಎಸೆದವರ ದಿನಚರಿ ಕೇಳುತ್ತಾಳೆಯೇ?

ಗಂಡು ಮಗು ಹುಟ್ಟಿತು. ಆಸ್ಪತ್ರೆಯಿಂದ ಬಂದು ಕೋಣೆಯಲ್ಲಿ ಕಾಲಿಟ್ಟರೆ, ಬೆವರಿಳಿಯುವಷ್ಟು ಸೆಕೆ. ಕಿಟಕಿಯ ಎಸಿ ಆರಿಸಿತ್ತು. ಆತೆ ಬಾಗಿಲಲ್ಲಿ ನಿಂತು, "ನೋ ಎಸಿ. ನೋ ಪ್ಯಾನ್" ಎಂದಳು.

ಬಾಣಲೆಯನ್ನು ಯಾಕೆ ಬೇಡವೆನ್ನುತ್ತಾಳೆ, ಕರಿದದ್ದು ಬಾಣಂತಿಗೆ ಆಗದು ಎಂದಿರಬೇಕು ಎಂದು ನಾನು ಮೆಚ್ಚಿಕೊಂಡೆ. ಅವಳು ಕೈಯೆತ್ತಿ ಚಾವಣಿಯ ಫ್ಯಾನನ್ನು ತೋರಿಸಿದ ಮೇಲೆ ಅರ್ಥವಾಯಿತು. ನನ್ನ ಎರಡೂ ಕಿವಿಗೆ ಹತ್ತಿ ತುರುಕಿ, ತಲೆಗೆ ಬಟ್ಟೆ ಸುತ್ತಿದಳು. ಗಾಳಿ ಹೊಕ್ಕರೆ 'ಬಿನಾತ್' ಆಗುತ್ತದಂತೆ. ನಮ್ಮಲ್ಲಿ ಬಾಣಂತಿ ಸನ್ನಿ ಎನ್ನುತ್ತಾರಲ್ಲ, ಅದರ ತಂಗಿಯಿರಬೇಕು.

ಶುಕ್ರವಾರ ಮೈಸೂರಿನಿಂದ ಫೋನು. ಹಾಸಿಗೆಯಲ್ಲಿ ಮಲಗಿದ್ದಲ್ಲಿಂದಲೇ ಅತ್ತೆ ಗುಡುಗಿದರು: "ಅವ್ಳಿಗೆ ಕೊಡು ಫೋನು! ಕಿವಿಗೆ ಹತ್ತಿ ಇಟ್ಟಿದ್ದಾಳಾ ಕೇಳು!"

"ಇಟ್ಟಿದ್ದಾರೆ ಅತ್ತೆ."

"ತಣ್ಣೀರು ಮುಟ್ಟಿಸ್ಬೇಡ ಅನ್ನು!"

ನಾನು ಅನುವಾದಿಸುವ ಮೊದಲೇ ಆತೆ ಫೋನಿಗೆ ಬಾಯಿಟ್ಟು, ತನ್ನೂರಿನ ಅಮ್ಮನನ್ನು ಕರೆಯುವಂತೆ ಕೂಗಿದಳು: "ಮಾಮಾ! ನೋ ಕೋಲ್ಡ್ ವಾಟರ್! ನೋ ಹೇರ್ ವಾಶ್! ನೋ ಪ್ಯಾನ್!"

"ಹೂಂ, ಪ್ಯಾನು ಹಾಕ್ಲೇಬಾರ್ದು!" ಎಂದರು ಮೈಸೂರಿನವರು, ಅದೇ ಉಚ್ಚಾರದಲ್ಲಿ. ಆಮೇಲೆ ನನ್ನ ಅವಶ್ಯಕತೆ ಬೀಳಲಿಲ್ಲ. ಒಬ್ಬರು ಕನ್ನಡದಲ್ಲಿ, ಒಬ್ಬರು ಇಂಗ್ಲಿಷಿನಲ್ಲಿ, ನಡುನಡುವೆ ಇಬ್ಬರೂ ಒಟ್ಟಿಗೆ, ನನ್ನ ಮೈಯನ್ನು ಕುರಿತು ಪೂರ್ತಿ ಒಮ್ಮತಕ್ಕೆ ಬಂದರು. ಕೂದಲಿನ ವಿಷಯದಲ್ಲಿ ಮಾತ್ರ ಸಣ್ಣ ಭಿನ್ನಾಭಿಪ್ರಾಯ ಉಳಿಯಿತು; ಎಣ್ಣೆ ನೀರು ಹಾಕಲೇಬೇಕೆಂದು ಮೈಸೂರು ಗೆದ್ದಿತು. ಫೋನಿಟ್ಟ ಮೇಲೆ ಆತೆ, "ಯುವರ್ ಮಾಮಾ ವೆರಿ ಇಂಟೆಲಿಜೆಂಟ್" ಎಂದಳು. ಲೋಕದಲ್ಲಿ ಒಬ್ಬ ಅತ್ತೆಯ ಕಾವಲಿನಲ್ಲಿರುವ ಸೊಸೆಯಂದಿರು ಬೇಕಾದಷ್ಟಿದ್ದಾರೆ. ಜೂನ್ ತಿಂಗಳ ದುಬೈಯಲ್ಲಿ, ಎಸಿಯಿಲ್ಲದೆ, ಇಬ್ಬರ ಕಾವಲಿನಲ್ಲಿದ್ದವಳು ನಾನೊಬ್ಬಳೇ ಇರಬೇಕು.

ಬೆಳಿಗ್ಗೆ ಕೆಲಸಕ್ಕೆ ಹೋಗುವ ಮೊದಲು ಅವಳು ನನಗೆ ನೀರು ಹಾಕಿ, ಮಗುವನ್ನು ಮೀಯಿಸಿ ಹೋಗುವಳು. ಒಂದೂ ಮುಕ್ಕಾಲಿಗೆ ಮತ್ತೆ ಬಾಗಿಲು ತೆರೆಯುವುದು. ಊರೆಲ್ಲ ಮಲಗಿರುವ ಹೊತ್ತಿನಲ್ಲಿ ನೈಫಿನಿಂದ ಬಸ್ಸು ಹಿಡಿದು ಬರುತ್ತಿದ್ದಳು. ಮುಖ ಕೆಂಪಗೆ, ಕುತ್ತಿಗೆಯಲ್ಲಿ ಬೆವರು, ಅಳತೆ ಟೇಪು ಇನ್ನೂ ಹೆಗಲ ಮೇಲೆ.

ಐದನೆಯ ದಿನಕ್ಕೂ ಹಾಲು ಸರಿಯಾಗಿ ಇಳಿಯಲಿಲ್ಲ. ಮಗು ಅತ್ತು ಅತ್ತು ನೀಲಿಯಾಗುತ್ತಿತ್ತು. ಡಬ್ಬಿಯ ಪುಡಿ ತರುವುದೇ ಎಂದು, ಅವತ್ತು ರಜೆ ಹಾಕಿದ್ದ ನಮ್ಮ ಮನೆಯವರು ಚಪ್ಪಲಿ ಹಾಕಿಕೊಂಡು ನಿಂತಿದ್ದರು. ಆ ಮಧ್ಯಾಹ್ನ ಆತೆ ಕೈಯಲ್ಲಿ ಒಂದು ಚೀಲ ಹಿಡಿದು ಬಂದಳು. ಸಾತ್ವಾ ಬಡಾವಣೆಯ ಯಾವುದೋ ಹಳೆಯ ವಿಲ್ಲಾದಲ್ಲಿ ಅವಳ ಊರಿನವಳೊಬ್ಬಳು ಕೆಲಸಕ್ಕಿದ್ದಳು. ಅಲ್ಲಿಯ ಅಂಗಳದ ಮರದಿಂದ ಮುರಿದು ತಂದ ಸೊಪ್ಪು. "ಮಲುಂಗಾಯ್. ಫಾರ್ ಮಿಲ್ಕ್."

ಸುರಿದಾಗ ನೋಡಿದೆ: ನುಗ್ಗೆ! ನುಗ್ಗೆ ಸೊಪ್ಪು ಉಷ್ಣ, ಬಾಣಂತಿ ಮೂಸಿಯೂ ನೋಡಬಾರದು ಎನ್ನುವುದು ಮೈಸೂರಿನ ಅತ್ತೆಯ ಶಾಸನ. ಆತೆ ಶುಂಠಿ ಜಜ್ಜಿ, ಹಸಿ ಪರಂಗಿಕಾಯಿ ಹೆಚ್ಚಿ, ಸೊಪ್ಪು ಹಾಕಿ, ನನ್ನ ಉರಿಯ ಮೇಲೆ, ನನ್ನ ಪಾತ್ರೆಯಲ್ಲೇ ಬೇಯಿಸಿದಳು. "ಇನ್ ಮೈ ಹೌಸ್ ವಿ ಪುಟ್ ಚಿಕನ್. ಫಾರ್ ಯು, ನೋ ಚಿಕನ್. ಸ್ಯಾಡ್ ಸೂಪ್" ಎಂದು ನಿಟ್ಟುಸಿರು ಬಿಟ್ಟಳು.

ನಮ್ಮ ಮನೆಯವರು ಬಟ್ಟಲಿನಲ್ಲಿ ಇಣುಕಿ, "ನುಗ್ಗೆ ಸೊಪ್ಪು ಬಾಣಂತಿಗೆ ಆಗುತ್ತಾ?" ಎಂದರು.

ನಾನು ಚಮಚ ಬಾಯಿಗಿಟ್ಟುಕೊಂಡು, "ಅತ್ತೆ ಹೇಳಿದ್ದಾರೆ" ಎಂದೆ.

ಜೀವನದಲ್ಲಿ ನಾನು ಹೇಳಿದ ಅತ್ಯುತ್ತಮ ಸುಳ್ಳು ಅದು, ಯಾಕೆಂದರೆ ಅದು ಸುಳ್ಳೇ ಅಲ್ಲ. ಅವರು ಚಪ್ಪಲಿ ಬಿಚ್ಚಿದರು.

ದಿನಕ್ಕೆರಡು ಬಟ್ಟಲು. ಎಂಟನೆಯ ದಿನದ ಹೊತ್ತಿಗೆ ಮಗು ಕುಡಿದು, ಬಾಯಿಯಂಚಿನಲ್ಲಿ ಹಾಲು ಸುರಿಸಿಕೊಂಡು, ಸೊಕ್ಕಿದವನಂತೆ ಮುಖ ತಿರುಗಿಸಿತು. ಸೊಪ್ಪಿನಿಂದ ಬಂತೋ, ಬರುವ ಕಾಲಕ್ಕೆ ತಾನೇ ಬಂತೋ, ವೈದ್ಯರನ್ನು ಕೇಳಿ. ನನ್ನ ಅಭಿಪ್ರಾಯ ಬೇರೆಯಿದೆ. ಸೂಪು ಕುಡಿಸಿದ ಮೇಲೆ ದಿನಾ ಅವಳು ಮಗುವನ್ನು ಎತ್ತಿಕೊಂಡು, ಬಾಗಿಲ ಕಡೆ ಬೆನ್ನು ಮಾಡಿ ಕೂತು, ಒಂದೇ ಮಾತು ಹೇಳುತ್ತಿದ್ದಳು: "ತುಲೋಗ್ ನಾ." ಮಲಗು ಈಗ. ನಾನು ಪಾತ್ರೆಯಿದೆ, ಬಟ್ಟೆಯಿದೆ ಎನ್ನಲು ಬಾಯಿ ತೆರೆದರೆ, "ನೌ ಐ ಆಮ್ ಅತ್ತೆ! ಸ್ಲೀಪ್!" ಒತ್ತಕ್ಷರ ಬಿದ್ದ ಮೇಲೆ ಎದುರಾಡುವವರು ಯಾರು? ಮೊದಲು ಮಗು ಮಲಗುತ್ತಿತ್ತು, ಆಮೇಲೆ ನಾನು. ಎಚ್ಚರವಾದಾಗ ಮಗು ನನ್ನ ಪಕ್ಕದಲ್ಲಿರುತ್ತಿತ್ತು. ಅವಳು ಮೂರೂಕಾಲಿನ ಬಸ್ಸಿಗೆ ಹೋಗಿರುತ್ತಿದ್ದಳು. ಪಾತ್ರೆ ಹಾಗೇ ಬಿದ್ದಿರುತ್ತಿತ್ತು. ಅವಳೂ ಮುಟ್ಟುತ್ತಿರಲಿಲ್ಲ, ನನ್ನನ್ನೂ ಮುಟ್ಟಗೊಡುತ್ತಿರಲಿಲ್ಲ.

ಒಂದು ದಿನ ಅವಳ ತೋರುಬೆರಳಿಗೆ ಪಟ್ಟಿ ಸುತ್ತಿತ್ತು. ಕೇಳಿದ್ದಕ್ಕೆ "ಆನಿಯನ್" ಎಂದಳು. ನಂಬಿದೆ. ನಲವತ್ತು ದಿನ ಕಳೆದು, ನಾನು ಎದ್ದು ಓಡಾಡುವಂತಾದ ಮೇಲೆ, ಅವಳ ಅಂಗಡಿಯಲ್ಲೇ ಕೆಲಸ ಮಾಡುತ್ತಿದ್ದ, ನಮ್ಮ ಫ್ಲ್ಯಾಟಿನ ಆ ಮೂವರಲ್ಲೊಬ್ಬಳಾದ ಜೋಸಿ ಬಾಯಿಬಿಟ್ಟಳು: ಮಧ್ಯಾಹ್ನದ ನಿದ್ದೆಯಿಲ್ಲದೆ ಸಂಜೆ ಮಿಷನ್ನಿನ ಮುಂದೆ ತೂಕಡಿಸಿ, ಸೂಜಿ ಬೆರಳಿನ ಆಚೆಯಿಂದ ಈಚೆಗೆ ಹೋಗಿತ್ತಂತೆ. ಆಗಲೂ ಮಾರನೆಯ ದಿನ ಒಂದೂ ಮುಕ್ಕಾಲಿಗೆ ಬಾಗಿಲು ತೆರೆದಿತ್ತು. ನಾನು ಅವಳೆದುರು ನಿಂತು, "ಯಾಕೆ ಹೇಳ್ಲಿಲ್ಲ?" ಎಂದು ಕನ್ನಡದಲ್ಲೇ ಕೇಳಿದೆ. ಅವಳಿಗೆ ಅರ್ಥವಾಯಿತು. "ಇಫ್ ಐ ಟೆಲ್, ಯು ವಿಲ್ ನಾಟ್ ಸ್ಲೀಪ್" ಎಂದಳು.

ಮೈಸೂರಿನ ಅತ್ತೆ ಊರುಗೋಲು ಹಿಡಿದು ಓಡಾಡತೊಡಗಿದ ಮೇಲೆ, ಊರಿಂದ ಬರುವವರ ಕೈಯಲ್ಲಿ "ಅಲ್ಲಿಯ ಅತ್ತೆಗೆ" ಎಂದು ಚೀಟಿ ಅಂಟಿಸಿ ಒಂದು ರೇಷ್ಮೆ ಸೀರೆ ಕಳಿಸಿದರು. ಆತೆ ಅದನ್ನು ಮೂರು ದಿನ ಮಡಿಲಲ್ಲಿಟ್ಟುಕೊಂಡು ಕೂತಿದ್ದು, ನಾಲ್ಕನೆಯ ದಿನ ಕತ್ತರಿ ಹಾಕಿದಳು. ಚರ್ಚಿಗೆ ಹಾಕಿಕೊಳ್ಳಲು ಅವಳಿಗೊಂದು ಉದ್ದನೆಯ ಗೌನು, ಊರಿನಲ್ಲಿದ್ದ ಮಗಳಿಗೊಂದು. ಜರಿಯಂಚು ಕುತ್ತಿಗೆಯ ಸುತ್ತ. ಫೋಟೋ ಮೈಸೂರಿಗೆ ಹೋಯಿತು. "ಜರಿ ಸೀರೆಗೆ ಕತ್ತರಿ ಹಾಕಿದ್ಲಾ!" ಎಂದು ಫೋನಿನಲ್ಲಿ ಕಿರುಚಿದ ಅತ್ತೆ, ಫೋಟೋವನ್ನು ಮತ್ತೊಮ್ಮೆ ನೋಡಿ, "ಹೊಲಿಗೆ ಮಾತ್ರ ಎಷ್ಟು ನೀಟಾಗಿದೆ ನೋಡು" ಎಂದರು. ನುಗ್ಗೆ ಸೊಪ್ಪಿನ ವಿಷಯವನ್ನು ಅವರಿಗೆ ಎಂದೂ ಹೇಳಲಿಲ್ಲ. ಅವರು ತೀರಿಹೋಗಿ ಬಹಳ ವರ್ಷವಾಯಿತು, ಈಗ ಹೇಳಬಹುದು.

ಆತೆ ಇನ್ನೂ ಎಂಟು ವರ್ಷ ಇದ್ದಳು. ಆಮೇಲೆ ಊರಿಗೆ ಹೋಗಿ ಮನೆಯ ಮುಂಭಾಗದಲ್ಲೇ ಹೊಲಿಗೆ ಇಟ್ಟುಕೊಂಡಳು. ಈಗಲೂ ಕ್ರಿಸ್ಮಸ್ಸಿಗೆ ವಿಡಿಯೋದಲ್ಲಿ ಬರುತ್ತಾಳೆ. ಹಲ್ಲು ಕಡಿಮೆಯಾಗಿದೆ, ಒತ್ತಕ್ಷರ ಗಟ್ಟಿಯಾಗಿದೆ. ಹೋದ ಸಲ ನನ್ನ ಸೊಸೆ ಬಸುರಿ ಎಂದು ಹೇಳಿದಾಗ, "ಆಯ್! ನೌ ಯು ಆರ್ ಅತ್ತೆ!" ಎಂದು ಪಕ್ಕದ ಮನೆಗೆ ಕೇಳಿಸುವಂತೆ ನಕ್ಕಳು.

ಸೊಪ್ಪು ಬಿಡಿಸಿ ಮುಗಿದಿತ್ತು. ಬೇಯಿಸಿ, ಬಟ್ಟಲು ಹಿಡಿದು ಶ್ರೇಯಾಳ ಕೋಣೆಗೆ ಹೋದೆ. ಅವಳು ಗೋಡೆಗೆ ಒರಗಿ ಕೂತಿದ್ದಳು. ನನ್ನ ಅಪ್ಪಣೆಯಂತೆ ಎಸಿ ಆರಿತ್ತು, ಕಿವಿಯಲ್ಲಿ ಹತ್ತಿಯಿತ್ತು, ಹಣೆಯಿಂದ ಬೆವರು ಇಳಿಯುತ್ತಿತ್ತು. ಮಗು ತೊಡೆಯ ಮೇಲೆ ಕಣ್ಣು ಬಿಟ್ಟುಕೊಂಡಿತ್ತು.

"ಸರಿಯಾಗಿ ಮಲಗಿ ಎಷ್ಟು ದಿನ ಆಯ್ತೇ?" ಎಂದೆ.

"ಐ ಆಮ್ ಫೈನ್, ಅತ್ತೆ" ಎಂದಳು. ಆಮೇಲೆ ಅಳು ಬಂತು. "ನೀವು ಬೆಳಿಗ್ಗೆ ಐದೂವರೆಯಿಂದ ಓಡಾಡ್ತಾನೇ ಇರ್ತೀರ. ಪಾತ್ರೆ ಶಬ್ದ, ವಾಷಿಂಗ್ ಮಿಷನ್ ಶಬ್ದ. ನಾನು ಹೇಗೆ ಮಲಗ್ಲಿ? ಗಿಲ್ಟಿ ಅನ್ಸುತ್ತೆ. ಮಲಗಿದ್ರೆ ನೀವು ಏನಂದ್ಕೋತೀರೋ ಅಂತ..."

ನನಗೆ ನಾಚಿಕೆಯಾಯಿತು. ಎಣ್ಣೆ, ನೀರು, ಹೊಗೆ, ಹತ್ತಿ, ಪಥ್ಯ ಎಲ್ಲವನ್ನೂ ಕೊಟ್ಟು ಬೀಗುತ್ತಿದ್ದೆ. ನನ್ನ ಕೆಲಸದ ಉದ್ದ ಪಟ್ಟಿಯೇ ಆ ಹುಡುಗಿಯ ನಿದ್ದೆ ಕೆಡಿಸುತ್ತಿತ್ತು. ಹೇಳಿಕೊಳ್ಳದೆ ಮಾಡುವುದನ್ನು ನಾನು ಕಲಿತಿರಲಿಲ್ಲ. ಸುಮ್ಮನೆ ಕೂರುವುದನ್ನಂತೂ ಇಲ್ಲವೇ ಇಲ್ಲ.

ಕಿವಿಯ ಹತ್ತಿ ತೆಗೆದೆ. ಎಸಿ ಹಾಕಿದೆ, ಸಣ್ಣಗೆ. ಇಬ್ಬರು ಅತ್ತೆಯರ ಕ್ಷಮೆ ಮನಸ್ಸಿನಲ್ಲೇ ಕೇಳಿಕೊಂಡೆ.

ಅವಳು ಬಿಸಿ ಅನ್ನ, ತುಪ್ಪ, ಮೆಣಸಿನ ಸಾರು ಉಂಡಳು. ಸೊಪ್ಪಿನ ಸೂಪನ್ನು ಎರಡು ಬಟ್ಟಲು ಕುಡಿದಳು. ನಾನು ಅವಳ ಪಕ್ಕದಲ್ಲೇ ತಟ್ಟೆ ಇಟ್ಟುಕೊಂಡು ಅದನ್ನೇ ಉಂಡೆ, ಜೊತೆಗೆ ಒಂದು ಹಪ್ಪಳ. ತಟ್ಟೆಗಳನ್ನು ತೊಳೆಯದೆ ನೆಲದ ಮೇಲೆ ಬಿಟ್ಟೆ. ಮಗುವನ್ನು ಎತ್ತಿಕೊಂಡು ಕುರ್ಚಿಯಲ್ಲಿ ಕೂತು, "ಮಲಗು" ಎಂದೆ. ಪಾತ್ರೆಯ ಕಡೆ ಅವಳ ಕಣ್ಣು ಹೋಯಿತು. "ಅತ್ತೆ ಹೇಳ್ತಿದ್ದೀನಿ, ಮಲಗು" ಎಂದೆ, ಒತ್ತಿ.

ಮೊದಲು ನಿದ್ದೆ ಹೋದವಳು ಶ್ರೇಯಾ, ದಿಂಬು ಸರಿಮಾಡಿಕೊಳ್ಳುವಷ್ಟರಲ್ಲೇ. ಆಮೇಲೆ ಮಗು. ಮೂರನೆಯವಳು ನಾನೇ ಇರಬೇಕು; ನೋಡಿ ಹೇಳಲು ಕೋಣೆಯಲ್ಲಿ ಎಚ್ಚರವಾಗಿದ್ದವರು ಯಾರೂ ಇರಲಿಲ್ಲ.